ಹದಿನಾಲ್ಕು ಮಂದಿ, ಎರಡು ದೋಣಿ: ಒಂದು ಬೇಸಿಗೆ ಪ್ರವಾಸದ ಲೆಕ್ಕ

ಬೇಸಿಗೆ ರಜೆ ಎಂದರೆ ಮುಂಬಯಿಯ ತುಳು-ಕನ್ನಡಿಗರಿಗೆ ಊರು. ಬೇರೆ ಪ್ರವಾಸ ಎಂಬುದು ನಮ್ಮ ತಲೆಮಾರಿನವರಿಗೆ ಗೊತ್ತಿರಲಿಲ್ಲ. ಮಕ್ಕಳ ಪರೀಕ್ಷೆ ಮುಗಿದ ಮರುದಿನವೇ ಚೀಲ ಕಟ್ಟಿ ಹೊರಟರೆ ನೇಮ, ಮದುವೆ, ಗೃಹಪ್ರವೇಶ, ಬ್ರಹ್ಮಕಲಶ ಎಂದು ತಿರುಗುವಷ್ಟರಲ್ಲಿ ರಜೆ ಮುಗಿದು, ಹಪ್ಪಳ, ಕುಚ್ಚಲಕ್ಕಿಯ ಗಂಟು ಹೊತ್ತು ವಾಪಸು ಬರುವುದೇ ರೂಢಿ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡತೊಡಗಿದ ಮೇಲೆ ದಾರಿ ಸುಲಭವಾಯಿತು. ಆದರೆ ಅದೇ ರೈಲು ಉಡುಪಿ, ಮಂಗಳೂರು ದಾಟಿ ಇನ್ನೂ ಮುಂದಕ್ಕೆ ಹೋಗುತ್ತದೆ, ನಾವೂ ಒಮ್ಮೆ ಇಳಿಯದೆ ಮುಂದಕ್ಕೆ ಹೋಗಬಹುದು ಎಂದು ನಮ್ಮಲ್ಲಿ ಹೆಚ್ಚಿನವರು ಯೋಚಿಸಲಿಲ್ಲ.

ಯೋಚಿಸಿದವನು ಒಬ್ಬನಿದ್ದ. ನಮ್ಮ ಐವರಲ್ಲಿ ಒಬ್ಬ. ಅವನ ಆಸೆಯೇ ಈ ಬರಹಕ್ಕೆ ಕಾರಣ.

ಕ್ಯಾಲೆಂಡರಿನ ದೋಣಿ

ನಾವು ಐವರೂ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು. ನಾನು ಮುಂದೆ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾದೆ. ಒಬ್ಬ ಕ್ಯಾಂಟೀನ್ ಗುತ್ತಿಗೆ ಹಿಡಿದ, ಒಬ್ಬ ಸಾರಿಗೆ ಕಚೇರಿಯಲ್ಲಿ ಲೆಕ್ಕ ಬರೆಯುವವನಾಗಿ ಈಗ ಡೊಂಬಿವಲಿಯಲ್ಲಿದ್ದಾನೆ, ಒಬ್ಬ ಪುಣೆ ಸೇರಿ ಮುದ್ರಣಾಲಯದಲ್ಲಿದ್ದಾನೆ. ಐದನೆಯವನು ಕೊನೆಯವರೆಗೂ ಹೋಟೆಲಿನಲ್ಲೇ ಉಳಿದ. ಸಪ್ಲೈಯರ್ ಆಗಿದ್ದವನು ಗಲ್ಲಾದಲ್ಲಿ ಕೂರುವವರೆಗೆ ಏರಿದ.

ಆಗ ನಾವು ಮಲಗುತ್ತಿದ್ದುದು ಹೋಟೆಲಿನ ಅಟ್ಟದಲ್ಲಿ. ಹನ್ನೊಂದು ಮಂದಿಗೆ ಒಂದು ಅಟ್ಟ. ಒಬ್ಬ ಮಗ್ಗುಲು ಬದಲಿಸಿದರೆ ಪಕ್ಕದವನೂ ಬದಲಿಸಬೇಕು. ತೊಂಬತ್ತರ ದಶಕದ ಆರಂಭವಿರಬೇಕು, ಗಲ್ಲಾದ ಹಿಂದೆ ಯಾರೋ ಕೊಟ್ಟ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ತೆಂಗಿನ ಮರಗಳ ನಡುವೆ ಚಾಪೆ ಹೊದೆಸಿದ ಮಾಡಿನ ಒಂದು ದೊಡ್ಡ ದೋಣಿ. ಅದನ್ನು ನೋಡಿ ಅವನು, “ಒಮ್ಮೆ ಅದರಲ್ಲಿ ಕಾಲು ಚಾಚಿ ಮಲಗಬೇಕು ಮಾರಾಯ” ಎಂದ. ಅಟ್ಟದಲ್ಲಿ ಮಲಗುವವನ ಬಾಯಲ್ಲಿ ಆ ಮಾತು ಬಂದುದರಿಂದ ನಮಗೆಲ್ಲ ನಗು ಬಂದಿತ್ತು.

2004ರ ಜನವರಿಯಲ್ಲಿ ಐವರೂ ತಿಂಗಳಿಗೆ ನೂರು ರೂಪಾಯಿಯಂತೆ ಕೂಡಿಡಲು ತೊಡಗಿದೆವು. ಲೆಕ್ಕ ನನ್ನದು. ಪುಸ್ತಕದ ಮೇಲೆ ಅವನೇ ‘ದೋಣಿ’ ಎಂದು ಬರೆದ. 2005ರ ಜುಲೈ 26ರ ಮಳೆ ನಮಗೆಲ್ಲ ನೆನಪಿದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ ಆ ದಿನ, ಈಗ ಡೊಂಬಿವಲಿಯಲ್ಲಿರುವ ಗೆಳೆಯನ ಕಲೀನಾದ ನೆಲಮಾಳಿಗೆ ಮನೆ ಸೊಂಟದವರೆಗೆ ಮುಳುಗಿತು. ಕೂಡಿಟ್ಟ ಒಂಬತ್ತು ಸಾವಿರ ಚಿಲ್ಲರೆ ಅವನ ಹಾಸಿಗೆ, ಪಾತ್ರೆ, ಮಗುವಿನ ಔಷಧಿಗೆ ಹೋಯಿತು. ದೋಣಿಯ ಹಣವನ್ನು ನೀರೇ ತಿಂದಿತು ಎಂದು ತಮಾಷೆ ಮಾಡಿಕೊಂಡೆವು.

2012ರ ಜನವರಿಯಲ್ಲಿ ಮತ್ತೆ ತೊಡಗಿದೆವು, ಈ ಬಾರಿ ತಲಾ ಇನ್ನೂರು. ಹಣ ಬೆಳೆಯಿತು, ಹೊರಡುವುದು ಮಾತ್ರ ಆಗಲಿಲ್ಲ. ಒಂದು ವರ್ಷ ಒಬ್ಬನ ಮಗಳ ಹತ್ತನೆಯ ತರಗತಿ, ಮತ್ತೊಂದು ವರ್ಷ ಇನ್ನೊಬ್ಬನ ತಂಗಿಯ ಮದುವೆ, ಆಮೇಲೆ ನನ್ನ ವರ್ಗಾವಣೆ. “ಬರುವ ವರ್ಷ ಖಂಡಿತ” ಎಂದು ಹೇಳುತ್ತಲೇ ಇದ್ದೆವು. 2021ರ ಏಪ್ರಿಲ್‌ನಲ್ಲಿ ಕೋವಿಡ್‌ನ ಎರಡನೇ ಅಲೆ ಅವನನ್ನು ಒಯ್ದಿತು. ಕೊನೆಯ ಬಾರಿ ಮುಖ ನೋಡಲೂ ನಮಗೆ ಆಗಲಿಲ್ಲ.

ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಮಾರ್ಚ್ 2021ರವರೆಗೆ 111 ಕಂತುಗಳು. ಅಸಲೇ 22,200 ರೂಪಾಯಿ. ವಿಷಯ ಸ್ವಲ್ಪ ತಣ್ಣಗಾದ ಮೇಲೆ ನಾನು ಪುಸ್ತಕ ಹಿಡಿದು ಅವನ ಮನೆಗೆ ಹೋದೆ. ಅವನ ಹೆಂಡತಿಯನ್ನು ನಾವೆಲ್ಲ ಅತ್ತಿಗೆ ಎಂದೇ ಕರೆಯುವುದು. ಅವರು ಪುಸ್ತಕವನ್ನು ತೆರೆದು ನೋಡಿ, ಮುಚ್ಚಿ, “ಅದು ಅವರು ದೋಣಿಗೆ ಅಂತ ಇಟ್ಟದ್ದು ಅಣ್ಣ. ಅಲ್ಲೇ ಇರಲಿ” ಎಂದರು. ನಾವು ಅದನ್ನು ಹಾಗೆಯೇ ಇಟ್ಟೆವು. ಹೋಗುವ ಮಾತು ಮಾತ್ರ ಇನ್ನೂ ಕೆಲವು ವರ್ಷ ಯಾರೂ ಎತ್ತಲಿಲ್ಲ.

ಎಲ್ಲಿಗೆ? ಯಾವಾಗ?

ಕೊನೆಗೆ ಮಾತೆತ್ತಿದವರು ನನ್ನ ಅಮ್ಮ. ಅವರಿಗೆ ಎಪ್ಪತ್ತೆಂಟು. “ನೀವು ಇನ್ನೂ ಯಾರ್ಯಾರು ಹೋಗುವವರೆಗೆ ಕಾಯುವುದು?” ಎಂದು ಒಂದು ದಿನ ಊಟದ ಹೊತ್ತಿಗೆ ಕೇಳಿದರು. ಅಂದೇ ರಾತ್ರಿ ನಾಲ್ವರಿಗೂ ಫೋನು ಹೋಯಿತು.

ಪುಣೆಯ ಗೆಳೆಯ ಶ್ರೀನಗರದ ದಾಲ್ ಸರೋವರ ಎಂದ. ಅಲ್ಲಿನ ದೇವದಾರು ಮರದ ಹೌಸ್‌ಬೋಟ್‌ಗಳು ಅಂದವಾದವು, ನಿಜ. ಆದರೆ ಅವು ದಡಕ್ಕೆ ಕಟ್ಟಿ ನಿಂತೇ ಇರುವವು, ಓಡಾಡಲು ಬೇರೆ ಶಿಕಾರ ಬೇಕು. ಅಮ್ಮನನ್ನು ಅಷ್ಟು ದೂರ ಕರೆದೊಯ್ಯುವುದೂ ಕಷ್ಟ. ಮಾಲ್ವಣದ ಬಳಿಯ ತಾರ್ಕರ್ಲಿ ನಮಗೆ ಹತ್ತಿರ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ವಲಿಯಪರಂಬ ಹಿನ್ನೀರಿನಲ್ಲೂ ಹೌಸ್‌ಬೋಟ್‌ಗಳಿವೆ, ಜನಸಂದಣಿ ಕಡಿಮೆ, ಮಂಗಳೂರಿನಿಂದ ಅರ್ಧ ದಿನದ ದಾರಿಯೂ ಅಲ್ಲ. ಊರಿಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಳ್ಳಬಲ್ಲವರಿಗೆ ಅದೇ ಅನುಕೂಲ. ಆದರೆ ಕ್ಯಾಲೆಂಡರಿನಲ್ಲಿದ್ದುದು ಅಲಪ್ಪುಳದ ದೋಣಿ. ಹಾಗಾಗಿ ಅಲಪ್ಪುಳವೇ ಆಗಬೇಕೆಂದು ತೀರ್ಮಾನವಾಯಿತು.

ದಿನದ ಪ್ರಶ್ನೆಯೂ ಸಣ್ಣದಲ್ಲ. ಕೇರಳದಲ್ಲಿ ಹಿತವಾದ ಹವೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ. ಆದರೆ ಮಕ್ಕಳಿಗೆ ರಜೆ ಸಿಗುವುದು ಬೇಸಿಗೆಯಲ್ಲೇ. ಮೇ ಕೊನೆಗೆ ಮಳೆಯ ಭಯ, ಮೇ ಮಧ್ಯದಲ್ಲಿ ಸೆಕೆ, ದರವೂ ಹೆಚ್ಚು. ಏಪ್ರಿಲ್ ಕೊನೆಯ ವಾರ, ಅದೂ ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ದರ ಕಡಿಮೆ ಎಂದು ತಿಳಿಯಿತು.

ರೈಲಿನ ಕೆಲಸ ನನ್ನ ಪಾಲಿಗೆ ಬಂತು. ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವ ನೇತ್ರಾವತಿ ಎಕ್ಸ್‌ಪ್ರೆಸ್ ನಮ್ಮ ಉಡುಪಿ, ಮಂಗಳೂರು ಜಂಕ್ಷನ್ ದಾಟಿ ಅಲಪ್ಪುಳದ ಮೂಲಕವೇ ತಿರುವನಂತಪುರಕ್ಕೆ ಹೋಗುತ್ತದೆ. ಎಲ್ಲೂ ಗಾಡಿ ಬದಲಿಸಬೇಕಿಲ್ಲ. ಮೊದಲು 120 ದಿನ ಮುಂಚೆ ಕಾದಿರಿಸಬಹುದಿತ್ತು, 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಒಂದು ಟಿಕೇಟಿನಲ್ಲಿ ಆರು ಮಂದಿಗಿಂತ ಹೆಚ್ಚು ಹಾಕಲು ಬರುವುದಿಲ್ಲ. ಹಿರಿಯ ನಾಗರಿಕರಿಗಿದ್ದ ದರದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಆದರೆ ಕೆಳಗಿನ ಬರ್ತಿನ ಕೋಟಾ ಇದೆ. ಅರುವತ್ತು ದಾಟಿದ ಗಂಡಸರು, ನಲವತ್ತೈದು ದಾಟಿದ ಹೆಂಗಸರು ಒಬ್ಬರೇ ಅಥವಾ ಅಂಥವರೇ ಇಬ್ಬರು ಒಂದು ಟಿಕೇಟಿನಲ್ಲಿದ್ದರೆ ಮಾತ್ರ ಅದು ಸಿಗುತ್ತದೆ. ಮನೆಮಂದಿಯೆಲ್ಲ ಒಟ್ಟಿಗೇ ಇರಲೆಂದು ಅಜ್ಜಿಯನ್ನೂ ಆರು ಮಂದಿಯ ಟಿಕೇಟಿಗೆ ಸೇರಿಸಿ, ಆಮೇಲೆ ಮೇಲಿನ ಬರ್ತು ಬಂತೆಂದು ಗೋಳಾಡುವವರನ್ನು ನಾನು ಎಷ್ಟೋ ಕಂಡಿದ್ದೇನೆ. ನಾನು ಅಮ್ಮ ಮತ್ತು ಅತ್ತಿಗೆ ಇಬ್ಬರದೇ ಒಂದು ಟಿಕೇಟು ಮಾಡಿದೆ, ಉಳಿದ ಹನ್ನೆರಡು ಮಂದಿಗೆ ಆರಾರರ ಎರಡು. ಇಬ್ಬರಿಗೂ ಕೆಳಗಿನ ಬರ್ತೇ ಸಿಕ್ಕಿತು.

ಹನ್ನೆರಡೋ ಹದಿನಾಲ್ಕೋ?

ನಮ್ಮ ಲೆಕ್ಕ ಹೀಗಿತ್ತು: ನಾನು, ಹೆಂಡತಿ, ಮಗಳು, ಅಮ್ಮ ಸೇರಿ ನಾಲ್ವರು. ಕ್ಯಾಂಟೀನಿನವನ ಮನೆಯಿಂದ ಮೂವರು, ಡೊಂಬಿವಲಿಯಿಂದ ಮೂವರು, ಪುಣೆಯ ದಂಪತಿ ಇಬ್ಬರು, ಅತ್ತಿಗೆ ಮತ್ತು ಅವರ ಮಗ ಇಬ್ಬರು. ಒಟ್ಟು ಹದಿನಾಲ್ಕು.

ಪರಿಚಯದವರೊಬ್ಬರು ಹೇಳಿದ ಏಜೆಂಟನೊಡನೆ ಮಾತಾಡಿದೆ. ಐದು ಕೋಣೆಯ ದೋಣಿ, ಒಂದು ಹಗಲು ಒಂದು ರಾತ್ರಿ, ಊಟ ಸೇರಿ 30,000 ರೂಪಾಯಿ. ಐದು ಸಾವಿರ ಮುಂಗಡ ಕಳಿಸಿದರೆ ತಾರೀಖು ಹಿಡಿಯುತ್ತೇನೆಂದ. ಕಳಿಸಿದೆ. ಕಳಿಸಿದ ಮೇಲೆ ದೋಣಿಯ ಪರವಾನಿಗೆಯ ಫೋಟೋ ಕೇಳಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಜನರ ಕಾಗದ ಪತ್ರ ನೋಡಿದ ಮೇಲೇ ಹಣಕ್ಕೆ ಕೈ ಹಾಕಿದವನು ನಾನು, ನನ್ನದೇ ವಿಷಯದಲ್ಲಿ ಹಣ ಮೊದಲು ಕೊಟ್ಟು ಕಾಗದ ಆಮೇಲೆ ಕೇಳಿದೆ. ಇದು ನನ್ನ ತಪ್ಪು. ಓದುಗರು ಇದನ್ನು ಮಾಡಬಾರದು.

ಫೋಟೋ ಬಂತು. ಅದರಲ್ಲಿ ಪ್ರಯಾಣಿಕರ ಮಿತಿ 12. ಕೇಳಿದರೆ ಆತ, “ಇಬ್ಬರು ತಾನೆ ಸಾರ್? ಹಾಸಿಗೆ ಹಾಕಿ ಕೊಡ್ತೇವೆ. ಎಲ್ಲರೂ ಹೀಗೇ ಬರ್ತಾರೆ” ಎಂದ.

ಭಾನುವಾರ ಡೊಂಬಿವಲಿಯಲ್ಲಿ ಸೇರಿದೆವು. ಕ್ಯಾಂಟೀನಿನವನು, “ಲೋಕಲ್‌ನಲ್ಲಿ ದಿನಾ ಬಾಗಿಲಿಗೆ ಜೋತಾಡಿಕೊಂಡು ಹೋಗುವವರು ನಾವು, ಇಬ್ಬರು ಹೆಚ್ಚಾದರೆ ದೋಣಿ ಮುಳುಗ್ತದಾ?” ಎಂದ. ಅವನ ಮಾತಿನಲ್ಲಿ ನ್ಯಾಯವಿಲ್ಲ ಎನ್ನುವಂತಿರಲಿಲ್ಲ. ಕೆರೆಯಂಥ ನೀರು, ನಿಧಾನ ಹೋಗುವ ದೋಣಿ. ನಾನು 2023ರ ಮೇ 7ರ ವಿಷಯ ಎತ್ತಿದೆ. ಅಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 22 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಒಂದೇ ಕುಟುಂಬದ ಹನ್ನೊಂದು ಮಂದಿ ಅದರಲ್ಲಿದ್ದರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ್ದು, ಮಿತಿ ಮೀರಿ ಜನ ತುಂಬಿತ್ತು, ಕತ್ತಲಾಗುವ ಹೊತ್ತಿಗೆ ಹೊರಟಿತ್ತು. ಅದೂ ಬೇಸಿಗೆ ರಜೆಯ ಒಂದು ಭಾನುವಾರವೇ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ದೋಣಿ ಮಗುಚಿ 45 ಮಂದಿ ಸತ್ತರು. ನಮ್ಮ ಮುಂಬಯಿಯಲ್ಲೇ 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದಾಗ ಏನಾಯಿತೆಂದು ಎಲ್ಲರೂ ಬಲ್ಲೆವು. ನೀರು ಶಾಂತವಾಗಿದೆ ಎಂಬುದು ಧೈರ್ಯಕ್ಕೆ ಸಾಲದು.

ಎರಡು ದೋಣಿ ಮಾಡಬಹುದಿತ್ತು. ಮೂರು ಕೋಣೆಯ ಎರಡು ದೋಣಿಗೆ 19,000ದಂತೆ 38,000. ಮುಂಗಡ ವಾಪಸು ಕೊಡುವುದಿಲ್ಲವೆಂದು ಏಜೆಂಟ ಖಡಾಖಂಡಿತವಾಗಿ ಹೇಳಿದ್ದ. ಅಂದರೆ ಒಟ್ಟು ಹದಿಮೂರು ಸಾವಿರ ಹೆಚ್ಚು. ನಾಲ್ಕು ಸಂಸಾರಗಳಿಗೂ ಅದು ಸಣ್ಣ ಮೊತ್ತವಲ್ಲ. ಆ ದಿನ ಯಾವ ತೀರ್ಮಾನಕ್ಕೂ ಬಾರದೆ ಎದ್ದೆವು. ಸ್ವಲ್ಪ ಬಿಸಿ ಮಾತೂ ಆಯಿತು.

ಆ ರಾತ್ರಿ ಅತ್ತಿಗೆಯ ಫೋನು ಬಂತು. “ಅಣ್ಣ, ಹನ್ನೆರಡೇ ಅಂತೆ ಹೌದಾ? ಹಾಗಾದರೆ ನಾನೂ ಮಗನೂ ಬರುವುದಿಲ್ಲ. ಲೆಕ್ಕ ಸರಿಯಾಗ್ತದಲ್ಲ” ಎಂದರು. ದನಿಯಲ್ಲಿ ಕೋಪವಿಲ್ಲ, ಬೇಸರವೂ ಇಲ್ಲ. ನಿಜವಾಗಿ ಸಹಾಯ ಮಾಡುವವರ ಹಾಗೆ ಹೇಳಿದರು.

ನನಗೆ ನಿದ್ದೆ ಬರಲಿಲ್ಲ. ಎದ್ದು ಲೆಕ್ಕ ಹಾಕಿದೆ. ಹದಿಮೂರು ಸಾವಿರವನ್ನು ಹದಿನಾಲ್ಕರಿಂದ ಭಾಗಿಸಿದರೆ ತಲೆಗೆ 929 ರೂಪಾಯಿಯೂ ತುಂಬುವುದಿಲ್ಲ. ಇಷ್ಟಕ್ಕಾಗಿ ನಾವು ಒಂದೋ ಹದಿನಾಲ್ಕು ಮಂದಿಯ ಜೀವವನ್ನು ದೈವದ ಮೇಲೆ ಹಾಕಬೇಕು, ಇಲ್ಲವೇ ಈ ದೋಣಿಯ ಕನಸು ಕಂಡವನ ಹೆಂಡತಿ ಮಗನನ್ನೇ ದಡದಲ್ಲಿ ಬಿಟ್ಟು ಹೋಗಬೇಕು. ಬೆಳಿಗ್ಗೆ ಕ್ಯಾಂಟೀನಿನವನಿಗೆ ಫೋನು ಮಾಡಿ ಅತ್ತಿಗೆ ಹೇಳಿದ್ದನ್ನು ಹೇಳಿದೆ. ಆಚೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಎರಡು ದೋಣಿ ಮಾಡು. ಮುಂಗಡ ಹೋದರೆ ಹೋಗಲಿ, ಅದು ನನ್ನ ಲೆಕ್ಕಕ್ಕೆ ಬರೆ” ಎಂದ. ಅವನ ಲೆಕ್ಕಕ್ಕೆ ಬರೆಯಲಿಲ್ಲ, ಎಲ್ಲರಿಗೂ ಹಂಚಿದೆ.

ಅತ್ತಿಗೆಯ ಮನೆಗೆ ನಾನೂ ಹೆಂಡತಿಯೂ ಹೋದೆವು. ಪುಸ್ತಕ ಕೊಂಡುಹೋಗಿದ್ದೆ. ರೈಲು, ಲಾಡ್ಜು, ದೋಣಿ ಎಲ್ಲ ಸೇರಿ ತಲೆಗೆ ಸುಮಾರು ಎಂಟು ಸಾವಿರ. ಇಬ್ಬರಿಗೆ ಹದಿನಾರು. ಅವನ 111 ಕಂತಿನ ಅಸಲಿನೊಳಗೇ ಅದು ಮುಗಿದು ಇನ್ನೂ ಉಳಿಯುತ್ತದೆ. “ನೀವು ಯಾರ ಉಪಕಾರದಲ್ಲೂ ಬರುವುದಲ್ಲ ಅತ್ತಿಗೆ, ಅವನ ಹಣದಲ್ಲಿ ಬರುವುದು. ನಿಮ್ಮ ಜಾಗ ನಮಗಿಂತ ಮೊದಲು ಹಿಡಿದದ್ದು” ಎಂದೆ. ಅವರು ಏನೂ ಹೇಳದೆ ಒಳಗೆ ಹೋಗಿ ಚಾ ಇಟ್ಟರು.

ಕಾಗದ ನೋಡಿ, ಆಮೇಲೆ ಹಣ

ಎರಡನೆಯ ಬಾರಿ ಎಚ್ಚರದಿಂದ ಹುಡುಕಿದೆ. ಕೇರಳ ಪ್ರವಾಸೋದ್ಯಮ ಇಲಾಖೆ ಹೌಸ್‌ಬೋಟ್‌ಗಳಿಗೆ ಗೋಲ್ಡ್ ಸ್ಟಾರ್, ಸಿಲ್ವರ್ ಸ್ಟಾರ್ ಎಂಬ ದರ್ಜೆಗಳನ್ನೂ, ಪರಿಸರದ ಕಾಳಜಿ ಇರುವವಕ್ಕೆ ಗ್ರೀನ್ ಪಾಮ್ ಪ್ರಮಾಣಪತ್ರವನ್ನೂ ಕೊಡುವ ವ್ಯವಸ್ಥೆ ಮಾಡಿದೆ. ಅಂಥವನ್ನೇ ವಿಚಾರಿಸಿದೆ. ಹೋಗಲು ಯೋಚಿಸುವವರಿಗೆ ಉಪಯೋಗವಾಗಲೆಂದು ನಾನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇನೆ.

ನೋಂದಣಿ ಸಂಖ್ಯೆ ಎಷ್ಟು, ಸರ್ವೆ ಪ್ರಮಾಣಪತ್ರದ ಅವಧಿ ಮುಗಿದಿಲ್ಲವಷ್ಟೆ, ಪ್ರಯಾಣಿಕರ ಮಿತಿ ಎಷ್ಟು, ವಿಮೆ ಇದೆಯೇ? ಜೀವರಕ್ಷಕ ಜಾಕೆಟ್ ತಲೆಗೊಂದರಂತೆ ಇದೆಯೇ, ಮಕ್ಕಳ ಅಳತೆಯವು ಇವೆಯೇ? ಬೆಂಕಿ ನಂದಿಸುವ ಸಾಧನ ಇದೆಯೇ? (ಅಡುಗೆ ದೋಣಿಯಲ್ಲೇ ಆಗುತ್ತದೆ ಎಂಬುದನ್ನು ಮರೆಯಬಾರದು.) ನಡೆಸುವವರಿಗೆ ಲೈಸೆನ್ಸ್ ಇದೆಯೇ? ಎ.ಸಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ? ಸಾಮಾನ್ಯವಾಗಿ ಅದು ರಾತ್ರಿ ಮಾತ್ರ. ದಿನವಿಡೀ ಬೇಕೆಂದರೆ ದರ ಬೇರೆ. ಶೌಚದ ನೀರು ತೊಟ್ಟಿಗೆ ಹೋಗುತ್ತದೋ ಸರೋವರಕ್ಕೋ? ಹತ್ತುವ ಹಲಗೆಗೆ ಹಿಡಿಕೆ ಇದೆಯೇ? ಈ ಕೊನೆಯದು ಅಮ್ಮನ ಮೊಣಕಾಲಿಗಾಗಿ ಕೇಳಿದ್ದು.

ಇಷ್ಟಕ್ಕೂ ಬೇಸರಿಸದೆ ಉತ್ತರ ಕೊಟ್ಟವರ ದೋಣಿಯನ್ನೇ ಹಿಡಿದೆವು.

ಇನ್ನೊಂದು ವಿಷಯ. ಹೌಸ್‌ಬೋಟ್ ಹತ್ತುವುದು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಇಳಿಯುವುದು ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ. ಸಂಜೆ ಐದೂವರೆಯ ಹೊತ್ತಿಗೆ ದೋಣಿಯನ್ನು ದಡಕ್ಕೆ ಕಟ್ಟಿಬಿಡುತ್ತಾರೆ, ಏಕೆಂದರೆ ಆಮೇಲೆ ಬೆಸ್ತರು ಬಲೆ ಬಿಡುವ ಹೊತ್ತು. ಮಧ್ಯಾಹ್ನದ ಮೇಲೆ ರೈಲಿನಿಂದ ಇಳಿದು ನೇರ ದೋಣಿಗೆ ಓಡಿದರೆ ಕೊಟ್ಟ ಹಣದಲ್ಲಿ ಅರ್ಧ ಹೋದಂತೆಯೇ. ಅದಕ್ಕೆ ಮೊದಲ ರಾತ್ರಿ ಪೇಟೆಯ ಲಾಡ್ಜಿನಲ್ಲಿ ಉಳಿದೆವು.

ಆ ಸಂಜೆ ಸುಮ್ಮನೆ ಕೂರದೆ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಯಲ್ಲಿ ನೆಡುಮುಡಿಯವರೆಗೆ ಹೋಗಿ ಬಂದೆವು. ನಮ್ಮ ಲೋಕಲ್ ಇದ್ದ ಹಾಗೆ ಅದು. ಕೆಲಸ ಮುಗಿಸಿದ ಹೆಂಗಸರು, ಸೈಕಲ್, ಮೀನಿನ ಚೀಲ, ಟ್ಯೂಷನ್ ಮುಗಿಸಿದ ಮಕ್ಕಳು. ಟಿಕೇಟು ಕೆಲವೇ ರೂಪಾಯಿ. ಹೌಸ್‌ಬೋಟ್ ಕೈಗೆಟಕದವರು ಅಲಪ್ಪುಳದಿಂದ ಕೊಟ್ಟಾಯಂವರೆಗೆ ಈ ದೋಣಿಯಲ್ಲೇ ಹೋದರೂ ಹಿನ್ನೀರು ಕಣ್ತುಂಬ ನೋಡಬಹುದು. ನಮಗೆ ಇನ್ನೊಂದು ಲಾಭವೂ ಆಯಿತು: ಅಮ್ಮ ದೋಣಿ ಹತ್ತಬಲ್ಲರೇ ಎಂಬ ಭಯ ತೀರಿತು. ಮೆಟ್ಟಿಲಲ್ಲಿ ಮೊಣಕಾಲು ಹಿಡಿದು ನಿಲ್ಲುವವರು, ದೋಣಿಯ ಅಂಚಿಗೆ ಬಂದಾಗ ನನ್ನ ಕೈ ಬಿಡಿಸಿಕೊಂಡು ತಾವೇ ಹೆಜ್ಜೆ ಇಟ್ಟರು. ಹೊಳೆ ಬದಿಯಲ್ಲಿ ಹುಟ್ಟಿ, ಶಾಲೆಗೂ ಸಂತೆಗೂ ಕಡವು ದಾಟಿದವರು ಅವರು. ಐವತ್ತು ವರ್ಷ ಮುಂಬಯಿಯಲ್ಲಿದ್ದರೂ ಕಾಲು ಅದನ್ನು ಮರೆತಿರಲಿಲ್ಲ.

ಕಟ್ಟಿದ ದೋಣಿ

ಮರುದಿನ ಎರಡು ದೋಣಿಗಳೂ ಒಂದರ ಹಿಂದೆ ಒಂದು ಪುನ್ನಮಡ ಸರೋವರದಿಂದ ಹೊರಟವು. ಪ್ರತಿ ವರ್ಷ ನೆಹರೂ ಟ್ರೋಫಿ ದೋಣಿ ಸ್ಪರ್ಧೆ ನಡೆಯುವುದು ಇಲ್ಲಿಯೇ. 1952ರಲ್ಲಿ ನೆಹರೂ ಅವರು ಬಂದಾಗ ನಡೆದ ಸ್ಪರ್ಧೆಯೇ ಅದರ ಮೂಲ.

ಮಲಯಾಳದಲ್ಲಿ ಈ ದೋಣಿಗೆ ಕೆಟ್ಟುವಳ್ಳಂ ಎನ್ನುತ್ತಾರೆ. ಕೆಟ್ಟು ಎಂದರೆ ಕಟ್ಟು, ವಳ್ಳಂ ಎಂದರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೋಡಂಬಿ ಸಿಪ್ಪೆಯ ಕಪ್ಪು ಎಣ್ಣೆ ಬಳಿದು ಮಾಡುವ ದೋಣಿ. ರಸ್ತೆಗಳು ಬರುವ ಮೊದಲು ಕುಟ್ಟನಾಡಿನ ಭತ್ತ, ತೆಂಗು, ಸಾಂಬಾರ ಪದಾರ್ಥಗಳು ಕೊಚ್ಚಿಗೆ ಹೋಗುತ್ತಿದ್ದುದು ಇವುಗಳಲ್ಲೇ. ಲಾರಿಗಳು ಬಂದು ಕೆಲಸ ಕಳೆದುಕೊಂಡ ದೋಣಿಗಳಿಗೆ ತೊಂಬತ್ತರ ದಶಕದಲ್ಲಿ ಕೋಣೆ, ಮಾಡು ಕಟ್ಟಿ ಪ್ರವಾಸಿಗರನ್ನು ಕೂರಿಸತೊಡಗಿದರು. ನಮ್ಮ ಗಲ್ಲಾದ ಕ್ಯಾಲೆಂಡರಿನ ಕಾಲವೂ ಅದೇ.

ಕುಟ್ಟನಾಡು ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ನಾಡು. ಕಾಲುವೆಯ ನೀರು ಮೇಲೆ, ಗದ್ದೆ ಕೆಳಗೆ. ನಡುವೆ ಒಂದು ಕಟ್ಟ. ಆ ಕಟ್ಟದ ಮೇಲೆಯೇ ಮನೆ, ಅಂಗಡಿ, ತೆಂಗಿನ ಸಾಲು. ತಣ್ಣೀರ್ಮುಕ್ಕಂನ ಒಡ್ಡು ಬೇಸಿಗೆಯಲ್ಲಿ ಸಮುದ್ರದ ಉಪ್ಪು ನೀರನ್ನು ಗದ್ದೆಗೆ ಬಾರದಂತೆ ತಡೆಯುತ್ತದೆ. ಅದರಿಂದ ಬೇಸಾಯಕ್ಕೆ ಲಾಭ, ಆದರೆ ನೀರು ಹರಿಯದೆ ನಿಂತು ಅಂತರಗಂಗೆ ಬೆಳೆಯುತ್ತದೆ, ಮೀನಿಗೂ ತೊಂದರೆ. ವೆಂಬನಾಡು ಸರೋವರ 2002ರಿಂದ ರಾಮ್ಸಾರ್ ಪಟ್ಟಿಯಲ್ಲಿದೆ. ನಮ್ಮಂಥ ಪ್ರವಾಸಿಗರ ಪ್ಲಾಸ್ಟಿಕ್ಕೂ ಅದರಲ್ಲಿ ತೇಲುತ್ತದೆ. ದಡದಲ್ಲಿ ಹೆಂಗಸರು ಅದೇ ನೀರಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಮಕ್ಕಳು ಚಿಪ್ಸಿನ ಖಾಲಿ ಪೊಟ್ಟಣ ಹಿಡಿದು ನಿಂತಾಗ ಅತ್ತಿಗೆ ಒಂದು ಚೀಲ ತೂಗು ಹಾಕಿದರು, ಇಳಿಯುವಾಗ ಅದನ್ನು ಪೇಟೆಗೇ ಒಯ್ದೆವು.

ಹಗಲು ಸೆಕೆ ಬಹಳ. ಅದನ್ನು ಮುಚ್ಚಿಡುವುದಿಲ್ಲ. ಎರಡರಿಂದ ನಾಲ್ಕರವರೆಗೆ ಯಾರಿಗೂ ಮಾತೂ ಬೇಡವಾಗಿತ್ತು. ಊಟ ಮಾತ್ರ ಮನೆಯ ಹಾಗೆ: ಕೆಂಪು ಕುಚ್ಚಲಕ್ಕಿಯ ಅನ್ನ, ಸಾರು, ತೆಂಗಿನ ಪಲ್ಯ, ಬಾಳೆ ಎಲೆಯಲ್ಲಿ ಬೇಯಿಸಿದ ಕರಿಮೀನು. ಮೂವತ್ತು ವರ್ಷ ಬೇರೆಯವರಿಗೆ ಬಡಿಸಿದ ಕ್ಯಾಂಟೀನಿನವನು ಅಂದು ಕೂತು ಬಡಿಸಿಕೊಂಡ. ಎರಡು ಬಾರಿ ಎದ್ದು ಅಡುಗೆಯವನ ಬಳಿಗೆ ಹೋದವನನ್ನು ಎಳೆದು ಕೂರಿಸಬೇಕಾಯಿತು.

ನಾಲ್ಕೂವರೆಗೆ ಮೂಡುದಿಕ್ಕಿನಲ್ಲಿ ಮೋಡ ಕಟ್ಟಿತು. ಏಪ್ರಿಲ್, ಮೇ ಸಂಜೆಗಳಲ್ಲಿ ಅಲ್ಲಿ ಗುಡುಗು ಮಳೆ ಸಾಮಾನ್ಯ. ನಡೆಸುವವರು ಒಂದು ಮಾತೂ ಆಡದೆ ಎರಡೂ ದೋಣಿಗಳನ್ನು ದಡಕ್ಕೆ ತಂದು ತೆಂಗಿನ ಮರಗಳಿಗೆ ಬಿಗಿದರು. ಹತ್ತೇ ನಿಮಿಷ, ಗಾಳಿ ಬಂತು. ಸರೋವರ ಕಪ್ಪಾಗಿ ಅಲೆಯೆದ್ದಿತು, ಅದುವರೆಗೆ ಕನ್ನಡಿಯಂತಿದ್ದ ನೀರು ಇದೇನಾ ಎನ್ನುವಂತೆ. ಮಿಂಚು ಬಿದ್ದಾಗ ಮಕ್ಕಳು ಕಿರುಚಿದರು. ಕಟ್ಟಿದ್ದ ದೋಣಿಯೇ ತೂಗುತ್ತಿತ್ತು. ಕ್ಯಾಂಟೀನಿನವನು ಪಕ್ಕದ ದೋಣಿಯ ಕಂಬ ಹಿಡಿದು ನನ್ನತ್ತ ನೋಡಿದ. ನಾನೂ ನೋಡಿದೆ. 929 ರೂಪಾಯಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಮಳೆ ನಿಂತ ಮೇಲೆ ನಮ್ಮ ದೋಣಿಯ ಹಿರಿಯ ಕೆಲಸಗಾರ ತನ್ನ ಅನುಭವ ಹೇಳಿದ. 2018ರ ಆಗಸ್ಟ್‌ನ ಮಹಾಪೂರದಲ್ಲಿ ಕುಟ್ಟನಾಡು ಮುಳುಗಿದಾಗ ಜನರನ್ನು ಹೊರತರಲು ಹೌಸ್‌ಬೋಟ್‌ಗಳನ್ನೂ ಬಳಸಿದ್ದರು. ಅಂದು ಎಷ್ಟು ಮಂದಿಯನ್ನು ಹತ್ತಿಸಿದಿರಿ ಎಂದು ಡೊಂಬಿವಲಿಯವನು ಕೇಳಿದ. “ಅಂದು ಲೆಕ್ಕವಿರಲಿಲ್ಲ. ಇಂದು ಲೆಕ್ಕ ಇರಬೇಕು” ಎಂದ ಆತ. ಕಲೀನಾದ ನೀರು ಕಂಡವನು ಅದಕ್ಕೆ ಮತ್ತೇನೂ ಕೇಳಲಿಲ್ಲ.

ರಾತ್ರಿ ಊಟ ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟಿತು. ಇಲ್ಲಿಂದ ಚಟ್ನಿ, ಅಲ್ಲಿಂದ ಮೀನು. ಅಂಚಿಗೆ ಅಂಚು ತಾಗಿಸಿ ಕಟ್ಟಿದ್ದರಿಂದ ಕುಳಿತಲ್ಲಿಂದಲೇ ಮಾತಾಡಬಹುದಿತ್ತು. ಸೊಳ್ಳೆ ಕಾಟವಿತ್ತು, ಎ.ಸಿ. ತೊಡಗಿದ ಮೇಲೆ ಜನರೇಟರಿನ ಸದ್ದೂ ಇತ್ತು. ಅಮ್ಮ ಕೋಣೆಗೆ ಹೋಗಲೊಪ್ಪಲಿಲ್ಲ. ಮುಂಭಾಗದಲ್ಲಿ ಚಾಪೆ ಹಾಸಿಕೊಂಡು, ಹಲಗೆಯ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತ, ತಮ್ಮ ಊರಿನ ಕಡವಿನವನ ಕಥೆಯನ್ನು ಅತ್ತಿಗೆಗೆ ಹೇಳುತ್ತಿದ್ದರು. ಅತ್ತಿಗೆ ಕೇಳುತ್ತ ಕೇಳುತ್ತ ಅಲ್ಲಿಯೇ ಮಲಗಿದರು. ಕಾಲು ಚಾಚಿಯೇ ಮಲಗಿದರು.

ಉಳಿಕೆ

ಅಲಪ್ಪುಳದಿಂದ ಹಿಂದಿರುಗುವಾಗ ಉಡುಪಿಯಲ್ಲಿ ಇಳಿದು ನಾಲ್ಕು ದಿನ ಊರಿನಲ್ಲಿದ್ದು ಮುಂಬಯಿಗೆ ಬಂದೆವು. ಹೀಗೆ ಮಾಡಿದರೆ ಊರೂ ತಪ್ಪುವುದಿಲ್ಲ, ಹಿರಿಯರೂ ಬೇಸರಿಸುವುದಿಲ್ಲ.

ಬಂದ ಮೇಲೆ ಪುಸ್ತಕ ಮುಗಿಸಿದೆ. ಅವನ ಹೆಸರಿನಲ್ಲಿ ಖರ್ಚು ಕಳೆದು ಉಳಿದ ಹಣವನ್ನು ಅತ್ತಿಗೆಗೆ ಕೊಡಲು ಹೋದೆ. ಮಗ ಈಗ ಕೆಲಸಕ್ಕೆ ಸೇರಿದ್ದಾನೆ. ಅವನು ಹಣದ ಲಕೋಟೆಯನ್ನು ಅಮ್ಮನ ಕೈಗೆ ಕೊಟ್ಟು, ತನ್ನ ಕಿಸೆಯಿಂದ ಇನ್ನೂರು ರೂಪಾಯಿ ತೆಗೆದು ನನ್ನ ಮುಂದಿಟ್ಟ. “ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಬರೀರಿ ಅಂಕಲ್” ಎಂದ. ಬರೆದೆ. ಕಂತು ಸಂಖ್ಯೆ 112.

ಮುಂದಿನ ಬಾರಿ ವಲಿಯಪರಂಬ ಎಂದು ಮಾತಾಗಿದೆ. ಟಿಕೇಟಿಗೆ 60 ದಿನ ಮೊದಲು ಎದ್ದರೆ ಸಾಕು. ಆದರೆ ಹೊರಡುವ ನಿರ್ಧಾರಕ್ಕೆ ನಮ್ಮ ಹಾಗೆ ಇಪ್ಪತ್ತು ವರ್ಷ ತೆಗೆದುಕೊಳ್ಳಬೇಡಿ. ಜೊತೆಗೆ ಹೊರಡಬೇಕಾದವರು ಎಲ್ಲರೂ ಇರುವಾಗಲೇ ಹೊರಡಿ. ಕಾಗದ ನೋಡಿ, ತಲೆ ಎಣಿಸಿ, ಆಮೇಲೆ ಹಣ ಕೊಡಿ.